ಕಡಲ ಮಟ್ಟವನ್ನು ಕಾಯುವ ಸಣ್ಣ ಪೆಟ್ಟಿಗೆ: ಸುನಾಮಿ ಮುನ್ನೆಚ್ಚರಿಕೆ ಮತ್ತು ನಮ್ಮ ಕರಾವಳಿ

ಮಳೆಗಾಲ ಬಂತೆಂದರೆ ಮೈಸೂರಿನ ಜನ ಬೆಳಿಗ್ಗೆ ಪತ್ರಿಕೆ ಬಿಡಿಸಿ ಮೊದಲು ನೋಡುವುದು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು. ಇಂದು ಎಷ್ಟು ಅಡಿ, ನಿನ್ನೆ ಎಷ್ಟಿತ್ತು, 124.80 ಅಡಿ ತಲುಪಲು ಇನ್ನೆಷ್ಟು ಬಾಕಿ ಎಂಬ ಲೆಕ್ಕ ಗೋಕುಲಂನ ಮನೆಮನೆಯಲ್ಲೂ ಬಾಯಿಪಾಠ. ಆದರೆ ಕಡಲಿಗೂ ಇಂತಹದೇ ಒಂದು ಮಟ್ಟವಿದೆ, ಅದನ್ನೂ ಹಗಲಿರುಳು ಅಳೆಯಲಾಗುತ್ತದೆ, ಆ ಅಳತೆಯ ಮೇಲೆ ಸಾವಿರಾರು ಜನರ ಜೀವ ನಿಂತಿದೆ ಎಂಬುದು ಘಟ್ಟದ ಮೇಲಿನವರಿಗಿರಲಿ, ಕಡಲ ತಡಿಯಲ್ಲೇ ಇರುವ ನಮ್ಮಲ್ಲಿ ಹಲವರಿಗೂ ತಿಳಿದಿಲ್ಲ.

ಮೈಸೂರಿಗೂ ಕಡಲಿಗೂ ಏನು ಸಂಬಂಧ ಎಂದು ಕೇಳುವವರು ರೈಲು ನಿಲ್ದಾಣದ ಹಳದಿ ಫಲಕವನ್ನು ಒಮ್ಮೆ ನೋಡಬೇಕು. ಊರಿನ ಹೆಸರಿನ ಕೆಳಗೆ 'ಸಮುದ್ರ ಮಟ್ಟದಿಂದ ಇಷ್ಟು ಮೀಟರು' ಎಂದು ಬರೆದಿರುತ್ತದೆ. ಮೈಸೂರು 700 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಈ 'ಸಮುದ್ರ ಮಟ್ಟ' ಎಲ್ಲಿಯದು? ಭಾರತೀಯ ಸರ್ವೇಕ್ಷಣಾ ಇಲಾಖೆ, ಅಂದರೆ ಸರ್ವೆ ಆಫ್ ಇಂಡಿಯಾ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಉಪಖಂಡದ ಬಂದರುಗಳಲ್ಲಿ ಉಬ್ಬರ-ಇಳಿತ ಅಳೆಯುವ ಯಂತ್ರಗಳನ್ನು ಇಟ್ಟು ವರ್ಷಗಟ್ಟಲೆ ಲೆಕ್ಕ ತೆಗೆಯಿತು. ಹೀಗೆ ಆರಿಸಿಕೊಂಡ ಒಂಬತ್ತು ಬಂದರುಗಳ ಸರಾಸರಿ ಮಟ್ಟವೇ ದೇಶದ ಎತ್ತರಗಳಿಗೆಲ್ಲ ಬಹುಕಾಲ ಸೊನ್ನೆಯಾಗಿತ್ತು. ಆ ಒಂಬತ್ತರಲ್ಲಿ ಕರಾಚಿ, ಮುಂಬಯಿ, ಮದ್ರಾಸುಗಳ ಜೊತೆಗೆ ನಮ್ಮ ಕಾರವಾರವೂ ಒಂದು. ಹೀಗೆ ಕಾರವಾರದ ಕಡಲ ಅಳತೆಯ ಒಂದು ಪಾಲು ಮೈಸೂರಿನ ಫಲಕದವರೆಗೂ ಬಂದಿದೆ.

ಇಂದು ಅದೇ ಅಳತೆಗೆ ಇನ್ನೊಂದು ದೊಡ್ಡ ಜವಾಬ್ದಾರಿ ಸೇರಿಕೊಂಡಿದೆ. ಸುನಾಮಿ ಬರುತ್ತಿದೆಯೇ ಇಲ್ಲವೇ ಎಂಬುದನ್ನು ಕೊನೆಯದಾಗಿ ಹೇಳಬೇಕಾದದ್ದು ಕಡಲ ಮಟ್ಟವೇ. ಈ ಕೆಲಸವನ್ನು ಭಾರೀ ಖರ್ಚಿಲ್ಲದೆ, ಸಣ್ಣ ಉಪಕರಣಗಳಿಂದ ಹೇಗೆ ಮಾಡಬಹುದು, ನಮ್ಮ ನೆರೆಯ ಗೋವೆಯಲ್ಲಿ ಮತ್ತು ನಮ್ಮದೇ ಕಾರವಾರದಲ್ಲಿ ಅದನ್ನು ಹೇಗೆ ಮಾಡಲಾಯಿತು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಕೈಬಿಟ್ಟು ಹೋದ ಎರಡೂವರೆ ಗಂಟೆ

2004ರ ಡಿಸೆಂಬರ್ 26, ಭಾನುವಾರ, ಕ್ರಿಸ್ಮಸ್ ಹಬ್ಬದ ಮರುದಿನ. ಭಾರತೀಯ ಕಾಲಮಾನ ಬೆಳಿಗ್ಗೆ 6 ಗಂಟೆ 29 ನಿಮಿಷದ ಹೊತ್ತಿಗೆ ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಬಳಿ ಕಡಲ ತಳದಲ್ಲಿ 9.1 ಪ್ರಮಾಣದ ಭೂಕಂಪ ಸಂಭವಿಸಿತು. ಅಲೆಗಳು ಮೊದಲು ಸುಮಾತ್ರಾ, ನಂತರ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಿಗೆ ಅಪ್ಪಳಿಸಿದವು. ಚೆನ್ನೈ ತೀರವನ್ನು ಮುಟ್ಟಿದಾಗ ಸಮಯ ಸುಮಾರು 9 ಗಂಟೆ. ನಡುವೆ ಎರಡೂವರೆ ಗಂಟೆಯ ಅವಕಾಶವಿತ್ತು. ಆ ಅವಧಿಯಲ್ಲಿ ತೀರದ ಜನರಿಗೆ ಯಾರೂ ಏನನ್ನೂ ಹೇಳಲಿಲ್ಲ, ಏಕೆಂದರೆ ಹೇಳುವ ವ್ಯವಸ್ಥೆಯೇ ಇರಲಿಲ್ಲ. ಪೆಸಿಫಿಕ್ ಸಾಗರಕ್ಕೆ 1949ರಿಂದಲೇ ಹವಾಯಿಯಲ್ಲಿ ಸುನಾಮಿ ಎಚ್ಚರಿಕೆಯ ಕೇಂದ್ರವಿತ್ತು. ಹಿಂದೂ ಮಹಾಸಾಗರಕ್ಕೆ ಅಂತಹದು ಯಾವುದೂ ಇರಲಿಲ್ಲ.

ಅಂದು ಹಿಂದೂ ಮಹಾಸಾಗರದ ಸುತ್ತಲಿನ ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಭಾರತದಲ್ಲಿ ಸತ್ತವರ ಸಂಖ್ಯೆ ಹತ್ತು ಸಾವಿರ ಮೀರಿತು. ಕಾಣೆಯಾದವರು ಬೇರೆ. ತಮಿಳುನಾಡಿನ ನಾಗಪಟ್ಟಣಂ ಜಿಲ್ಲೆಯೊಂದರಲ್ಲೇ ಆರು ಸಾವಿರಕ್ಕೂ ಹೆಚ್ಚು ಸಾವು ಸಂಭವಿಸಿತು. ಹಬ್ಬದ ಸಮಯದಲ್ಲಿ ವೇಲಾಂಕಣಿಗೆ ಬಂದಿದ್ದ ಯಾತ್ರಿಕರೂ ಅದರಲ್ಲಿದ್ದರು. ಎರಡೂವರೆ ಗಂಟೆ ಎಂದರೆ ಒಂದು ಊರಿನ ಜನ ನಡೆದುಕೊಂಡೇ ತೀರದಿಂದ ದೂರ ಹೋಗಲು ಬೇಕಾದಷ್ಟು ಸಮಯ ಎಂಬುದನ್ನು ನೆನೆದರೆ ಈ ನಷ್ಟ ಇನ್ನಷ್ಟು ಭಾರವಾಗುತ್ತದೆ.

ಸುನಾಮಿ ಎಂಬ ಅಲೆ

ದಿನನಿತ್ಯ ನಾವು ಮಲ್ಪೆಯಲ್ಲೋ ಪಣಂಬೂರಿನಲ್ಲೋ ಕಾಣುವ ಅಲೆಗಳು ಗಾಳಿಯಿಂದ ಹುಟ್ಟುವಂಥವು. ಕೆಲವೇ ಸೆಕೆಂಡುಗಳಿಗೊಂದರಂತೆ ಬಂದು ದಡದಲ್ಲಿ ಒಡೆಯುತ್ತವೆ. ಅವು ಅಲುಗಾಡಿಸುವುದು ಮೇಲಿನ ನೀರನ್ನು ಮಾತ್ರ. ಸುನಾಮಿಯಲ್ಲಿ ಹಾಗಲ್ಲ. ಕಡಲ ತಳವೇ ಮೇಲೆದ್ದಾಗ ಅಥವಾ ಕುಸಿದಾಗ ತಳದಿಂದ ಮೇಲಿನವರೆಗಿನ ಅಷ್ಟೂ ನೀರು ಅಲುಗುತ್ತದೆ. ಎರಡು ಅಲೆಗಳ ನಡುವಿನ ಅಂತರ ಹತ್ತು ನಿಮಿಷದಿಂದ ಒಂದು ಗಂಟೆಯವರೆಗೂ ಇರಬಹುದು. ಆದ್ದರಿಂದಲೇ ಅದು ದಡಕ್ಕೆ ಬಂದು ಒಡೆದು ಹಿಂದಿರುಗುವ ಅಲೆಯಂತಿರದೆ, ಏರುತ್ತಲೇ ಹೋಗುವ ನೆರೆಯಂತೆ ಒಳನುಗ್ಗುತ್ತದೆ.

ಅದರ ವೇಗ ನೀರಿನ ಆಳವನ್ನು ಅವಲಂಬಿಸಿದೆ. ನಾಲ್ಕು ಸಾವಿರ ಮೀಟರು ಆಳದ ಕಡಲಲ್ಲಿ ಅದು ಗಂಟೆಗೆ 700 ಕಿ.ಮೀ. ವೇಗದಲ್ಲಿ, ವಿಮಾನದಂತೆ ಸಾಗುತ್ತದೆ. ಆದರೆ ಅಲ್ಲಿ ಅದರ ಎತ್ತರ ಸಾಮಾನ್ಯವಾಗಿ ಒಂದು ಮೀಟರಿಗಿಂತ ಕಡಿಮೆ. ಮೇಲೆ ದೋಣಿಯಲ್ಲಿರುವವರಿಗೆ ಗೊತ್ತೇ ಆಗುವುದಿಲ್ಲ. ಐವತ್ತು ಮೀಟರು ಆಳಕ್ಕೆ ಬಂದಾಗ ವೇಗ ಗಂಟೆಗೆ 80 ಕಿ.ಮೀ.ಗೆ ಇಳಿಯುತ್ತದೆ. ಮುಂದಿನ ನೀರು ನಿಧಾನವಾಗಿ, ಹಿಂದಿನ ನೀರು ಒತ್ತಿಕೊಂಡು ಬರುವುದರಿಂದ ಅಲೆಯ ಎತ್ತರ ಏರುತ್ತದೆ. ತಗ್ಗಾದ ತೀರ, ಅಳಿವೆ, ಕಿರಿದಾದ ಕೊಲ್ಲಿಗಳಲ್ಲಿ ಈ ಏರಿಕೆ ಇನ್ನೂ ಹೆಚ್ಚು.

ಪಶ್ಚಿಮ ಕರಾವಳಿಗೆ ಭಯವಿಲ್ಲವೇ?

'ಸುನಾಮಿ ಪೂರ್ವ ಕರಾವಳಿಯ ಕಾಯಿಲೆ, ನಮಗಲ್ಲ' ಎಂಬ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ಇದು ಪೂರ್ಣ ನಿಜವಲ್ಲ. 2004ರ ಅಲೆ ಶ್ರೀಲಂಕಾವನ್ನು ಬಳಸಿಕೊಂಡು ಪಶ್ಚಿಮಕ್ಕೆ ತಿರುಗಿತು. ಕೇರಳದ ಕೊಲ್ಲಂ ಜಿಲ್ಲೆಯ ಆಲಪ್ಪಾಡ್ ಮುಂತಾದ ತೀರಗಳಲ್ಲಿ ಮನೆಗಳು ನೆಲಸಮವಾದವು. ಕೇರಳ ರಾಜ್ಯದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ಅಲೆ ಇನ್ನೂ ಉತ್ತರಕ್ಕೆ ಸಾಗಿ ಗೋವೆಯ ಮೊರ್ಮುಗಾವ್ ಬಂದರಿನ ಅಳತೆಯಲ್ಲೂ ದಾಖಲಾಯಿತು. ಅಂದರೆ ಅದು ನಮ್ಮ ಕರ್ನಾಟಕದ ಕರಾವಳಿಯನ್ನು ದಾಟಿಯೇ ಅಲ್ಲಿಗೆ ಹೋಗಿದೆ. ಕೇರಳದ ತೀರಕ್ಕಾದ ಗತಿ ನಮಗಾಗಲಿಲ್ಲ ಅಷ್ಟೇ.

ಇನ್ನೊಂದು ಅಪಾಯ ಅರಬ್ಬಿ ಸಮುದ್ರದೊಳಗೇ ಇದೆ. ಇರಾನ್ ಮತ್ತು ಪಾಕಿಸ್ತಾನದ ದಕ್ಷಿಣ ತೀರಕ್ಕೆ ಮಕ್ರಾನ್ ಎಂದು ಹೆಸರು. ಅಲ್ಲಿ ಒಂದು ಭೂಫಲಕ ಇನ್ನೊಂದರ ಕೆಳಗೆ ಜಾರುತ್ತಿದೆ. 1945ರ ನವೆಂಬರ್ 28ರ ನಸುಕಿನಲ್ಲಿ ಅಲ್ಲಿ 8.1 ಪ್ರಮಾಣದ ಭೂಕಂಪವಾಗಿ ಸುನಾಮಿ ಎದ್ದಿತು. ಮಕ್ರಾನ್ ತೀರದ ಊರುಗಳು ನಾಶವಾದವಲ್ಲದೆ, ದೂರದ ಮುಂಬಯಿಯಲ್ಲೂ ಜನ ನೀರುಪಾಲಾದರು. ಮಕ್ರಾನ್‌ನಿಂದ ಕಾರವಾರಕ್ಕೆ ನೇರ ದೂರ ಸುಮಾರು 1,600 ಕಿ.ಮೀ. ಅಲ್ಲಿ ದೊಡ್ಡ ಸುನಾಮಿ ಎದ್ದರೆ ಸ್ಥೂಲ ಲೆಕ್ಕದಲ್ಲಿ ನಮಗೆ ಸಿಗುವ ಸಮಯ ಮೂರು ಗಂಟೆಯ ಆಸುಪಾಸು. ಸುಮಾತ್ರಾ ಕಡೆಯಿಂದಾದರೆ ನಾಲ್ಕು ಗಂಟೆಗೂ ಹೆಚ್ಚು. ಈ ಸಮಯವನ್ನು ಸರಿಯಾಗಿ ಬಳಸಿಕೊಳ್ಳುವುದೇ ಮುನ್ನೆಚ್ಚರಿಕೆಯ ಕೆಲಸ.

ಭೂಕಂಪಮಾಪಕ ಒಂದೇ ಏಕೆ ಸಾಲದು?

ಭೂಕಂಪದ ಕಂಪನ ನೆಲದೊಳಗೆ ನೀರಿನ ಅಲೆಗಿಂತ ಹಲವು ಪಟ್ಟು ವೇಗವಾಗಿ ಸಾಗುತ್ತದೆ. ಹಾಗಾಗಿ ಭೂಕಂಪ ಎಲ್ಲಿ, ಎಷ್ಟು ದೊಡ್ಡದು ಎಂಬುದು ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ಆದರೆ ಕಡಲ ತಳದ ಪ್ರತಿಯೊಂದು ಭೂಕಂಪವೂ ಸುನಾಮಿಯನ್ನು ಹುಟ್ಟಿಸುವುದಿಲ್ಲ. ತಳ ಮೇಲೆ-ಕೆಳಗೆ ಚಲಿಸಿದರೆ ನೀರು ಎದ್ದೇಳುತ್ತದೆ. ಪಕ್ಕಕ್ಕೆ ಜಾರಿದರೆ ನೀರು ಹೆಚ್ಚು ಕದಲುವುದಿಲ್ಲ.

2012ರ ಏಪ್ರಿಲ್ 11ರಂದು ಇದಕ್ಕೆ ಒಳ್ಳೆಯ ಉದಾಹರಣೆ ಸಿಕ್ಕಿತು. ಸುಮಾತ್ರಾದ ಪಶ್ಚಿಮಕ್ಕೆ 8.6 ಪ್ರಮಾಣದ ಭಾರೀ ಭೂಕಂಪವಾಯಿತು. ಚೆನ್ನೈಯಲ್ಲಿ ಜನ ಕಟ್ಟಡಗಳಿಂದ ಹೊರಗೆ ಓಡಿ ಬಂದರು. ಎಚ್ಚರಿಕೆಗಳೂ ಹೊರಟವು. ಆದರೆ ಆ ಭೂಕಂಪದಲ್ಲಿ ತಳ ಪಕ್ಕಕ್ಕೆ ಸರಿದಿತ್ತು. ಕಡಲ ಮಟ್ಟದ ಉಪಕರಣಗಳು ತೋರಿಸಿದ್ದು ಸಣ್ಣ ಏರಿಳಿತವನ್ನು ಮಾತ್ರ. ಅದನ್ನು ನೋಡಿದ ಮೇಲೆ ಅದೇ ದಿನ ಎಚ್ಚರಿಕೆಯನ್ನು ಹಿಂತೆಗೆದುಕೊಳ್ಳಲಾಯಿತು. ಇಂತಹ ದೃಢೀಕರಣ ಇಲ್ಲದಿದ್ದರೆ ಜನ ರಾತ್ರಿಯಿಡೀ ಮನೆ ಬಿಟ್ಟು ಹೊರಗೆ ಕಳೆಯಬೇಕಾಗುತ್ತಿತ್ತು. ಎರಡು ಮೂರು ಸಲ ಹೀಗೆ ಸುಳ್ಳು ಎಚ್ಚರಿಕೆ ಬಂದರೆ ನಾಲ್ಕನೆಯ ಸಲ ಯಾರೂ ಏಳುವುದಿಲ್ಲ. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆ ನಮಗೆಲ್ಲ ಗೊತ್ತಿದೆ.

ಭಾರತದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯಲ್ಲಿದೆ. 2007ರ ಅಕ್ಟೋಬರ್ 15ರಂದು ಉದ್ಘಾಟನೆಗೊಂಡ ಈ ಕೇಂದ್ರದಲ್ಲಿ ದಿನದ 24 ಗಂಟೆಯೂ ಕೆಲಸ ನಡೆಯುತ್ತದೆ. ಭೂಕಂಪದ ವಿವರ ಬಂದ ತಕ್ಷಣ, ಮೊದಲೇ ಲೆಕ್ಕ ಹಾಕಿಟ್ಟ ಸಾಧ್ಯತೆಗಳ ಭಂಡಾರದಿಂದ ಯಾವ ತೀರಕ್ಕೆ ಎಷ್ಟು ಹೊತ್ತಿಗೆ ಎಷ್ಟು ಎತ್ತರದ ಅಲೆ ಬರಬಹುದು ಎಂಬ ಅಂದಾಜು ತೆಗೆಯುತ್ತಾರೆ. ಅಲೆ ಎರಡು ಮೀಟರಿಗಿಂತ ಎತ್ತರವಾಗಬಹುದಾದರೆ ಅತ್ಯುನ್ನತ ಮಟ್ಟದ ಎಚ್ಚರಿಕೆ, ಅರ್ಧದಿಂದ ಎರಡು ಮೀಟರಾದರೆ ಅದಕ್ಕಿಂತ ಕೆಳಗಿನದು, ಅದಕ್ಕೂ ಕಡಿಮೆಯಾದರೆ ನಿಗಾ ಇಡುವ ಸೂಚನೆ. ನಂತರದ ಹೆಜ್ಜೆ ನೀರಿನ ನಿಜವಾದ ಅಳತೆ. ಇದು ಎರಡು ಕಡೆಯಿಂದ ಬರುತ್ತದೆ. ಒಂದು, ಆಳ ಸಮುದ್ರದ ತಳದಲ್ಲಿಟ್ಟ ಒತ್ತಡಮಾಪಕ ಮತ್ತು ಅದರ ಮೇಲೆ ತೇಲುವ ಬೋಯಾ. ಸಾವಿರಾರು ಮೀಟರು ಆಳದಲ್ಲಿದ್ದರೂ ಇದು ಒಂದು ಸೆಂಟಿಮೀಟರಿನಷ್ಟು ಏರಿಳಿತವನ್ನು ಗುರುತಿಸಬಲ್ಲದು. ಆದರೆ ಇದು ಬಹಳ ದುಬಾರಿ, ಇಡಲು ಮತ್ತು ದುರಸ್ತಿಗೆ ಹಡಗೇ ಬೇಕು. ಇನ್ನೊಂದು, ಬಂದರಿನ ಧಕ್ಕೆಯಲ್ಲಿ ನಿಲ್ಲಿಸುವ ಟೈಡ್ ಗೇಜ್. ಕಡಿಮೆ ವೆಚ್ಚದ ಮಾತು ಬರುವುದು ಇಲ್ಲಿಯೇ.

ಕೋಲಿನಿಂದ ರೇಡಾರ್‌ವರೆಗೆ

ಕಡಲ ಮಟ್ಟ ಅಳೆಯುವ ಅತ್ಯಂತ ಸರಳ ಸಾಧನ ಧಕ್ಕೆಗೆ ಬಡಿದ, ಅಡಿ-ಅಂಗುಲ ಬರೆದ ಕೋಲು. ನೋಡುವವನು ಅಲ್ಲೇ ಇರಬೇಕು ಎಂಬುದು ಇದರ ತೊಂದರೆ. ನಂತರ ಬಂದದ್ದು ತೇಲುಗುಂಡಿನ ಯಂತ್ರ. ನೀರಿನೊಳಗೆ ಇಳಿಬಿಟ್ಟ ದೊಡ್ಡ ಕೊಳವೆ, ಅದರ ತಳದಲ್ಲಿ ಸಣ್ಣ ರಂಧ್ರ, ಒಳಗೆ ತೇಲುಗುಂಡು. ಗುಂಡು ಏರಿಳಿದಂತೆ ಮೇಲೆ ತಿರುಗುವ ಉರುಳೆಯ ಕಾಗದದ ಮೇಲೆ ಪೆನ್ನು ಗೆರೆ ಎಳೆಯುತ್ತದೆ. 1883ರಲ್ಲಿ ಕ್ರಾಕಟೋವಾ ಜ್ವಾಲಾಮುಖಿ ಸಿಡಿದಾಗ ಎದ್ದ ಅಲೆಗಳನ್ನು ಭಾರತದ ಬಂದರುಗಳಲ್ಲಿ ದಾಖಲಿಸಿದ್ದು ಇಂತಹ ಯಂತ್ರಗಳೇ. ಆದರೆ ಕಾಗದವನ್ನು ಬಿಚ್ಚಿ ನೋಡುವವರೆಗೆ ವಿಷಯ ತಿಳಿಯುವಂತಿರಲಿಲ್ಲ. ಕೊಳವೆಯಲ್ಲಿ ಹೂಳು ತುಂಬುತ್ತದೆ, ಚಿಪ್ಪಿನ ಜೀವಿಗಳು ಕಚ್ಚಿಕೊಂಡು ರಂಧ್ರ ಮುಚ್ಚುತ್ತವೆ. ರಂಧ್ರ ಕಿರಿದಾದರೆ ವೇಗವಾಗಿ ಏರಿದ ನೀರು ಒಳಗೆ ಅಷ್ಟೇ ಬೇಗ ಏರುವುದಿಲ್ಲ. ಸುನಾಮಿಯ ನಿಜವಾದ ಎತ್ತರವೇ ತಪ್ಪಿಹೋಗುತ್ತದೆ.

ರೇಡಾರ್ ಗೇಜ್ ನೀರನ್ನು ಮುಟ್ಟುವುದೇ ಇಲ್ಲ. ಧಕ್ಕೆಯಿಂದ ಹೊರಚಾಚಿದ ಒಂದು ತೋಳಿನ ತುದಿಯಲ್ಲಿ ಕೆಳಮುಖವಾಗಿ ಕುಳಿತ ಸಣ್ಣ ಉಪಕರಣ ಅದು. ಅದರಿಂದ ಹೊರಟ ರೇಡಿಯೋ ತರಂಗ ನೀರಿಗೆ ಬಡಿದು ಹಿಂದಿರುಗುತ್ತದೆ. ಹೋಗಿಬರಲು ತಗಲಿದ ಸಮಯದಿಂದ ನೀರು ಎಷ್ಟು ದೂರದಲ್ಲಿದೆ ಎಂದು ತಿಳಿಯುತ್ತದೆ. ಉಪಕರಣ ಸೊನ್ನೆ ಗುರುತಿನಿಂದ 6 ಮೀಟರು ಎತ್ತರದಲ್ಲಿದ್ದು, ನೀರು ಅದರಿಂದ 4.2 ಮೀಟರು ಕೆಳಗಿದ್ದರೆ, ಕಡಲ ಮಟ್ಟ 1.8 ಮೀಟರು. ಲೆಕ್ಕ ಇಷ್ಟೇ. ರೇಡಿಯೋ ತರಂಗದ ಬದಲು ಶಬ್ದ ತರಂಗ ಬಳಸುವ ಉಪಕರಣಗಳೂ ಇವೆ. ಇಂದು ಗೋಕುಲಂನ ಮನೆಯ ಟೆರೇಸಿನ ಮೇಲಿನ ಟ್ಯಾಂಕ್ ತುಂಬಿದೊಡನೆ ಪಂಪನ್ನು ನಿಲ್ಲಿಸಲು ಸಿಗುವ ಸಾಧನಗಳಲ್ಲೂ ಕೆಲವು ಇದೇ ತತ್ತ್ವದ ಮೇಲೆ ನಡೆಯುತ್ತವೆ. ಕಾರ್ಖಾನೆಗಳ ದೊಡ್ಡ ಟ್ಯಾಂಕುಗಳ ಮಟ್ಟ ನೋಡಲು ಇಂತಹವನ್ನು ಸಾವಿರಗಟ್ಟಲೆ ತಯಾರಿಸುವುದರಿಂದಲೇ ಇವುಗಳ ಬೆಲೆ ಇಳಿದಿದೆ.

ಇನ್ನುಳಿದ ಸಾಮಗ್ರಿಯೂ ಅಂಗಡಿಯಲ್ಲಿ ಸಿಗುವಂಥದ್ದೇ: ಅಂಕಿಗಳನ್ನು ಓದಿ ಇಟ್ಟುಕೊಳ್ಳುವ ಸಣ್ಣ ಕಂಪ್ಯೂಟರ್, ಗಡಿಯಾರವನ್ನು ಸರಿಯಾಗಿಡಲು ಜಿ.ಪಿ.ಎಸ್., ಒಂದು ಮೊಬೈಲ್ ಮೋಡೆಮ್ ಮತ್ತು ಸಿಮ್, ಬ್ಯಾಟರಿ, ಅದಕ್ಕೆ ಸೌರ ಫಲಕ. ಎಲ್ಲ ಸೇರಿ ಒಂದು ಪೆಟ್ಟಿಗೆ, ಒಂದು ಕಂಬ.

ಗೋವೆಯ ಪ್ರಯೋಗ, ಕಾರವಾರದ ಪಾಲು

ಗೋವೆಯ ಡೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2004ರ ದುರಂತದ ಮರುವರ್ಷವೇ ಈ ದಿಕ್ಕಿನಲ್ಲಿ ಕೆಲಸ ಆರಂಭಿಸಿದರು. ಆಂಟನಿ ಜೋಸೆಫ್, ಆರ್. ಜಿ. ಪ್ರಭುದೇಸಾಯಿ ಮತ್ತು ಅವರ ಸಂಗಡಿಗರು ಮಾಂಡವಿ ನದಿಯ ಅಳಿವೆಯ ವೆರೇಂನಲ್ಲಿ 2005ರಲ್ಲಿ ಒಂದು ಟೈಡ್ ಗೇಜನ್ನು ಮೊಬೈಲ್ ಜಾಲಕ್ಕೆ ಜೋಡಿಸಿದರು. ಅದುವರೆಗೆ ದೂರದ ಗೇಜ್‌ಗಳಿಂದ ತಕ್ಷಣ ಮಾಹಿತಿ ಬೇಕೆಂದರೆ ಉಪಗ್ರಹದ ದುಬಾರಿ ಸಂಪರ್ಕವೇ ದಾರಿ ಎಂಬ ಅಭಿಪ್ರಾಯವಿತ್ತು. ನಾವು ದಿನವೂ ಮಾತಿಗೆ ಬಳಸುವ ಮೊಬೈಲ್ ಗೋಪುರವೇ ಸಾಕು, ಕೆಲವು ನಿಮಿಷಗಳಿಗೊಮ್ಮೆ ಕಡಲ ಮಟ್ಟದ ಅಂಕಿಯನ್ನು ಅಂತರ್ಜಾಲಕ್ಕೆ ಕಳುಹಿಸಬಹುದು ಎಂದು ಇವರು ತೋರಿಸಿಕೊಟ್ಟರು. 2006ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಈ ಕೆಲಸದ ವಿವರ ಪ್ರಕಟವಾಯಿತು.

ಪರೀಕ್ಷೆಗೆ ಹೆಚ್ಚು ಕಾಲ ಕಾಯಬೇಕಾಗಲಿಲ್ಲ. 2007ರ ಸೆಪ್ಟೆಂಬರ್ 12ರ ಸಂಜೆ ಸುಮಾತ್ರಾದಲ್ಲಿ 8.4 ಪ್ರಮಾಣದ ಭೂಕಂಪವಾಗಿ ಸಣ್ಣ ಸುನಾಮಿ ಎದ್ದಿತು. ಹೈದರಾಬಾದಿನ ಕೇಂದ್ರದ ಉದ್ಘಾಟನೆಗೆ ಆಗ ಇನ್ನೂ ಒಂದು ತಿಂಗಳು ಬಾಕಿಯಿತ್ತು. ಗೋವೆಯ ವೆರೇಂ ಮತ್ತು ಲಕ್ಷದ್ವೀಪದ ಕವರತ್ತಿಯಲ್ಲಿದ್ದ ಉಪಕರಣಗಳು ಆ ಏರಿಳಿತವನ್ನು ಹಿಡಿದು, ಅದು ನಡೆಯುತ್ತಿದ್ದಂತೆಯೇ ಅಂತರ್ಜಾಲದಲ್ಲಿ ತೋರಿಸಿದವು. ದಡದಲ್ಲಿ ನಿಂತವರ ಕಣ್ಣಿಗೆ ಕಾಣದಷ್ಟು ಸಣ್ಣ ಸುನಾಮಿಯನ್ನು ಕಚೇರಿಯಲ್ಲಿ ಕುಳಿತು ನೋಡಲು ಸಾಧ್ಯವಾಯಿತು.

ಈ ಜಾಲ ಮುಂದೆ ರತ್ನಾಗಿರಿ, ಕಾರವಾರ ಮತ್ತು ಪೂರ್ವ ಕರಾವಳಿಯ ಹಲವು ಬಂದರುಗಳಿಗೆ ವಿಸ್ತರಿಸಿತು. ಹೀಗೆ ಹಿಂದೆ ದೇಶದ ಎತ್ತರಗಳಿಗೆ ಸೊನ್ನೆಯನ್ನು ಕೊಟ್ಟ ಕಾರವಾರ, ಹೊಸ ರೀತಿಯ ಅಳತೆಗೂ ಜಾಗ ಕೊಟ್ಟಿತು.

ಅಂಕಿಗಳಲ್ಲಿ ಸುನಾಮಿಯನ್ನು ಹುಡುಕುವುದು ಹೇಗೆ?

ಕಡಲ ಮಟ್ಟ ಎಂದೂ ಸುಮ್ಮನಿರುವುದಿಲ್ಲ. ಹಾಗಿದ್ದರೆ ಸುನಾಮಿಯನ್ನು ಬೇರ್ಪಡಿಸುವುದು ಹೇಗೆ? ಇದಕ್ಕೆ ಎರಡು ಜರಡಿಗಳಿವೆ. ಗಾಳಿಯ ಅಲೆಗಳು ಸೆಕೆಂಡುಗಳ ಲೆಕ್ಕದವು. ಅರ್ಧ ನಿಮಿಷ, ಒಂದು ನಿಮಿಷದ ಅಳತೆಗಳನ್ನೆಲ್ಲ ಕೂಡಿಸಿ ಸರಾಸರಿ ತೆಗೆದರೆ ಅವು ಅಳಿಸಿಹೋಗುತ್ತವೆ. ಇನ್ನೊಂದು ಕಡೆ ಉಬ್ಬರ-ಇಳಿತ ಚಂದ್ರ-ಸೂರ್ಯರ ಗತಿಯಿಂದ ಆಗುವಂಥದ್ದು. ನಮ್ಮ ಕರಾವಳಿಯಲ್ಲಿ ಸುಮಾರು ಹನ್ನೆರಡು ಗಂಟೆ 25 ನಿಮಿಷಕ್ಕೊಮ್ಮೆ ನೀರು ಏರುತ್ತದೆ. ಅಮಾವಾಸ್ಯೆ-ಹುಣ್ಣಿಮೆಗಳಲ್ಲಿ ಈ ಏರಿಳಿತ ಒಂದರಿಂದ ಎರಡು ಮೀಟರಿನಷ್ಟು. ಇದನ್ನು ಮೊದಲೇ ಲೆಕ್ಕ ಹಾಕಿ ಪಟ್ಟಿ ಮಾಡಬಹುದು. ಅಳತೆಯಿಂದ ಈ ಪಟ್ಟಿಯ ಅಂಕಿಯನ್ನು ಕಳೆದರೆ ಉಳಿಯುವುದೇ ಶೇಷ. ಸಾಮಾನ್ಯ ದಿನ ಈ ಶೇಷ ಹೆಚ್ಚುಕಡಿಮೆ ನೇರ ಗೆರೆ. ಭೂಕಂಪವಾಗಿ ಕೆಲವು ಗಂಟೆಗಳ ನಂತರ ಅದರಲ್ಲಿ ಹತ್ತಿಪ್ಪತ್ತು ನಿಮಿಷಗಳ ಅಂತರದ ಏರಿಳಿತ ಕಾಣಿಸಿಕೊಂಡರೆ ಸುನಾಮಿ ಬಂದಿದೆ ಎಂದರ್ಥ.

ಗಂಟೆಗೊಮ್ಮೆ ಮಾತ್ರ ಅಳೆಯುವ ಹಳೆಯ ಪದ್ಧತಿ ಇಲ್ಲಿ ಏಕೆ ಸಾಲದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಇಪ್ಪತ್ತು ನಿಮಿಷಗಳ ಅಲೆ ಎರಡು ಅಳತೆಗಳ ನಡುವೆಯೇ ಬಂದು ಹೋಗಿಬಿಡಬಹುದು.

ಇಂಡೋನೇಷ್ಯಾ ಕಲಿಸಿದ ಪಾಠ

2018ರ ಡಿಸೆಂಬರ್ 22ರ ರಾತ್ರಿ ಇಂಡೋನೇಷ್ಯಾದ ಸುಂಡಾ ಜಲಸಂಧಿಯಲ್ಲಿ ಅನಕ್ ಕ್ರಾಕಟೋವಾ ಜ್ವಾಲಾಮುಖಿಯ ಒಂದು ಪಾರ್ಶ್ವ ಕುಸಿದು ಕಡಲಿಗೆ ಬಿತ್ತು. ಎದ್ದ ಅಲೆಗೆ 400ಕ್ಕೂ ಹೆಚ್ಚು ಜನ ಬಲಿಯಾದರು. ಎಚ್ಚರಿಕೆ ಕೊಡಲು ದೊಡ್ಡ ಭೂಕಂಪವೇ ಆಗಿರಲಿಲ್ಲ. ಭೂಕಂಪವನ್ನೇ ನಂಬಿದ ವ್ಯವಸ್ಥೆ ಮೌನವಾಗಿ ಉಳಿಯಿತು. ಇಂತಹ ಸಂದರ್ಭದಲ್ಲಿ ನೀರಿನ ಮಟ್ಟವನ್ನೇ ನೇರವಾಗಿ ಕಾಯದೆ ಬೇರೆ ದಾರಿಯಿಲ್ಲ.

ಆ ನಂತರ ಇಂಡೋನೇಷ್ಯಾ, ಯುರೋಪಿಯನ್ ಒಕ್ಕೂಟದ ಜಂಟಿ ಸಂಶೋಧನಾ ಕೇಂದ್ರ ರೂಪಿಸಿದ 'ಅಗ್ಗದ ಸಮುದ್ರಮಟ್ಟ ಸಾಧನ'ವನ್ನು ಆ ಜಲಸಂಧಿಯ ಸುತ್ತಮುತ್ತ ಇಡಲಾರಂಭಿಸಿತು. ತಮ್ಮ ಭಾಷೆಯಲ್ಲಿ ಅದನ್ನು 'ಪುಮ್ಮಾ' ಎಂದು ಕರೆದರು. ಅದರಲ್ಲೂ ಇರುವುದು ಅಂಗೈಯಗಲದ ಕಂಪ್ಯೂಟರ್, ಕೆಳಗೆ ನೋಡುವ ಅಳತೆಯ ಕಣ್ಣು, ಮೊಬೈಲ್ ಸಂಪರ್ಕ, ಸೌರ ಫಲಕ. ನೀರು ಅಸಹಜವಾಗಿ ಏರಿಳಿದರೆ ಉಪಕರಣವೇ ಅದನ್ನು ಗುರುತಿಸಿ ಸೂಚನೆ ಕಳುಹಿಸುತ್ತದೆ. ಬೆಲೆ ಕಡಿಮೆಯಾದ್ದರಿಂದ ಒಂದರ ಬದಲು ಹಲವನ್ನು ಇಡಬಹುದು. ಒಂದು ಕೆಟ್ಟರೆ ಪಕ್ಕದ್ದು ಇದ್ದೇ ಇರುತ್ತದೆ.

ಇತಿಮಿತಿಗಳೂ ಇವೆ

ಇಷ್ಟೆಲ್ಲ ಹೇಳಿದ ಮೇಲೆ ಇತಿಮಿತಿಗಳನ್ನೂ ಹೇಳಬೇಕು. ಮೊದಲನೆಯದು, ಕಾರವಾರದ ಗೇಜ್ ಕಾರವಾರವನ್ನು ಉಳಿಸಲಾರದು. ಅದಕ್ಕೆ ಸುನಾಮಿ ತಿಳಿಯುವ ಹೊತ್ತಿಗೆ ನೀರು ಧಕ್ಕೆಯಲ್ಲಿರುತ್ತದೆ. ಆದರೆ ಮಕ್ರಾನ್‌ನಿಂದ ಬರುವ ಅಲೆ ಮೊದಲು ಇರಾನ್, ಪಾಕಿಸ್ತಾನ, ಒಮಾನ್ ತೀರಗಳ ಗೇಜ್‌ಗಳಿಗೆ ತಾಗುತ್ತದೆ. ಅವು ಹೇಳಿದರೆ ಕಾರವಾರ, ಮಲ್ಪೆ, ಉಳ್ಳಾಲಕ್ಕೆ ಸಮಯ ಸಿಗುತ್ತದೆ. ದಕ್ಷಿಣದಿಂದ ಬರುವ ಅಲೆಗೆ ಶ್ರೀಲಂಕಾ, ಕೇರಳದ ಗೇಜ್‌ಗಳು ನಮ್ಮ ಕಾವಲು. ನಮ್ಮ ಗೇಜ್ ಇನ್ನೊಬ್ಬರಿಗೆ ಕಾವಲು. ಆದ್ದರಿಂದಲೇ ದೇಶದೇಶಗಳ ನಡುವಿನ ಮನಸ್ತಾಪಗಳ ನಡುವೆಯೂ ಯುನೆಸ್ಕೋದ ಅಂತರಸರ್ಕಾರಿ ಸಾಗರ ವಿಜ್ಞಾನ ಆಯೋಗದ ಮೂಲಕ ಈ ಅಂಕಿಗಳನ್ನು ಹಂಚಿಕೊಳ್ಳಲಾಗುತ್ತದೆ. 2011ರಿಂದ ಭಾರತ, ಆಸ್ಟ್ರೇಲಿಯಾ ಮತ್ತು ಇಂಡೋನೇಷ್ಯಾ ಮೂರೂ ಸೇರಿ ಹಿಂದೂ ಮಹಾಸಾಗರದ ದೇಶಗಳಿಗೆ ಸುನಾಮಿ ಮಾಹಿತಿ ಒದಗಿಸುತ್ತಿವೆ.

ಎರಡನೆಯದು, ಮೊಬೈಲ್ ಜಾಲವನ್ನೇ ನಂಬಿದರೆ ವಿಪತ್ತಿನ ಹೊತ್ತಿಗೆ ಗೋಪುರ ಬಿದ್ದು ಸಂಪರ್ಕ ಕಡಿಯಬಹುದು. ಅದಕ್ಕಾಗಿ ಮುಖ್ಯ ಬಂದರುಗಳಲ್ಲಿ ಉಪಗ್ರಹ ಸಂಪರ್ಕವೂ ಇರಬೇಕಾಗುತ್ತದೆ. ಮೂರನೆಯದು, ಬಂದರಿನೊಳಗಿನ ನೀರು ಬಟ್ಟಲಿನ ನೀರಿನಂತೆ ತನ್ನಷ್ಟಕ್ಕೆ ಹೊಯ್ದಾಡುವುದುಂಟು. ಒಂದೇ ಗೇಜನ್ನು ನಂಬಿದರೆ ಇದನ್ನೇ ಸುನಾಮಿ ಎಂದು ಭಾವಿಸುವ ಅಪಾಯವಿದೆ. ನಾಲ್ಕನೆಯದು, ಪಾಲನೆ. ಅಗ್ಗದ ಉಪಕರಣ ಎಂದರೆ ಇಟ್ಟು ಮರೆಯುವ ಉಪಕರಣವಲ್ಲ. ಉಪ್ಪುಗಾಳಿಗೆ ತುಕ್ಕು, ಸೌರ ಫಲಕಕ್ಕೆ ಹಕ್ಕಿಯ ಹಿಕ್ಕೆ, ಹಳೆಯದಾದ ಬ್ಯಾಟರಿ, ಇವಿಷ್ಟೇ ಸಾಕು ಅದನ್ನು ಕುರುಡಾಗಿಸಲು. ದೊಡ್ಡ ಸುನಾಮಿ ನಮ್ಮ ಕಡೆಗೆ ನೂರು ವರ್ಷಕ್ಕೊಮ್ಮೆ ಬರಬಹುದು. ಉಪಕರಣ ಅಷ್ಟೂ ದಿನ ಎಚ್ಚರವಾಗಿರಬೇಕು.

ಸುನಾಮಿ ಇಲ್ಲದ ದಿನಗಳಲ್ಲೂ

ಇದಕ್ಕೊಂದು ಒಳ್ಳೆಯ ಪರಿಹಾರವೆಂದರೆ ಗೇಜನ್ನು ದಿನನಿತ್ಯದ ಕೆಲಸಕ್ಕೂ ಬಳಸುವುದು. ನಿತ್ಯ ಬಳಸುವ ವಸ್ತು ಕೆಟ್ಟರೆ ತಕ್ಷಣ ಗೊತ್ತಾಗುತ್ತದೆ. ಚಂಡಮಾರುತ ಬಂದಾಗ ಗಾಳಿ ನೀರನ್ನು ದಡಕ್ಕೆ ಒತ್ತಿ ಮಟ್ಟವನ್ನು ಏರಿಸುತ್ತದೆ. 2009ರ ನವೆಂಬರ್‌ನಲ್ಲಿ ಪಶ್ಚಿಮ ಕರಾವಳಿಯಲ್ಲಿ ಹಾದುಹೋದ ಫ್ಯಾನ್ ಚಂಡಮಾರುತದ ಪರಿಣಾಮವನ್ನು ಗೋವೆಯ ವಿಜ್ಞಾನಿಗಳು ಇದೇ ಜಾಲದ ಅಂಕಿಗಳಿಂದ ಅಧ್ಯಯನ ಮಾಡಿದರು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ನಮ್ಮ ಮೂರೂ ಕರಾವಳಿ ಜಿಲ್ಲೆಗಳು ಕಂಡ ಕಡಲಬ್ಬರ ಯಾರಿಗೂ ಮರೆತಿಲ್ಲ. ಮರವಂತೆ, ಉಳ್ಳಾಲ, ಉಚ್ಚಿಲಗಳ ಕಡಲ್ಕೊರೆತಕ್ಕೆ ತಡೆಗೋಡೆ ಕಟ್ಟುವ ಮುನ್ನ, ಅಳಿವೆಯಲ್ಲಿ ದೋಣಿ ದಾಟಿಸುವ ಮುನ್ನ, ಏರುತ್ತಿರುವ ಸಮುದ್ರ ಮಟ್ಟದ ಲೆಕ್ಕ ಹಾಕುವ ಮುನ್ನ ಬೇಕಾಗುವುದು ಇದೇ ಅಂಕಿಗಳು.

ಕೊನೆಯ ಮೈಲಿ

ಹೈದರಾಬಾದಿನಲ್ಲಿ ಎಚ್ಚರಿಕೆ ಹೊರಟರೆ ಕೆಲಸ ಮುಗಿಯಲಿಲ್ಲ. ಅದು ರಾಜ್ಯ ಸರ್ಕಾರಕ್ಕೆ, ಜಿಲ್ಲಾಡಳಿತಕ್ಕೆ, ಅಲ್ಲಿಂದ ತೀರದ ಕೊನೆಯ ಮನೆಗೆ ಮುಟ್ಟಬೇಕು. ಒಡಿಶಾದ ವೆಂಕಟ್ರಾಯಪುರ ಮತ್ತು ನೋಲಿಯಾಸಾಹಿ ಎಂಬ ಎರಡು ಹಳ್ಳಿಗಳು ದಾರಿ, ಎತ್ತರದ ಜಾಗ, ಸಾರುವ ವಿಧಾನ ಎಲ್ಲವನ್ನೂ ಅಭ್ಯಾಸ ಮಾಡಿ, 2020ರಲ್ಲಿ ಯುನೆಸ್ಕೋದಿಂದ 'ಸುನಾಮಿಗೆ ಸಿದ್ಧ' ಎಂಬ ಮನ್ನಣೆ ಪಡೆದವು. ಅವು ಶ್ರೀಮಂತ ಹಳ್ಳಿಗಳಲ್ಲ. ಮುನ್ನೂರು ಕಿ.ಮೀ.ಗೂ ಉದ್ದದ ನಮ್ಮ ಕರಾವಳಿಯ ಊರುಗಳಿಗೂ ಇದು ಅಸಾಧ್ಯವೇನಲ್ಲ. ನಡುರಾತ್ರಿ ಮೊಬೈಲ್ ಆಫ್ ಮಾಡಿ ಮಲಗಿದ ಊರನ್ನು ಎಬ್ಬಿಸಲು ಚರ್ಚಿನ ಗಂಟೆ, ಮಸೀದಿಯ ಮೈಕು, ದೇವಸ್ಥಾನದ ಡೋಲು, ಭಜನಾ ಮಂದಿರದ ಜಾಗಟೆಗಿಂತ ಉತ್ತಮ ಸಾಧನ ಇನ್ನೂ ಬಂದಿಲ್ಲ. ಯಾವ ಬಗೆಯ ಸದ್ದಿಗೆ ಏನು ಅರ್ಥ ಎಂದು ಊರವರೆಲ್ಲ ಸೇರಿ ಮೊದಲೇ ನಿರ್ಧರಿಸಿರಬೇಕು ಅಷ್ಟೇ.

ಯಂತ್ರಗಳಿಲ್ಲದೆಯೂ ಜನ ಉಳಿದ ಉದಾಹರಣೆಯಿದೆ. ಸುಮಾತ್ರಾದ ಪಕ್ಕದ ಸಿಮುಲು ದ್ವೀಪದಲ್ಲಿ 1907ರಲ್ಲಿ ಸುನಾಮಿ ಬಂದು ಬಹಳ ಜನ ಸತ್ತಿದ್ದರು. 'ನೆಲ ನಡುಗಿ ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡು' ಎಂಬ ಮಾತನ್ನು ಅಜ್ಜ-ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತ ಬಂದರು. 2004ರಲ್ಲಿ ಭೂಕಂಪದ ಕೇಂದ್ರಕ್ಕೆ ಅಷ್ಟು ಹತ್ತಿರವಿದ್ದರೂ ಆ ದ್ವೀಪದಲ್ಲಿ ಸತ್ತವರು ಬೆರಳೆಣಿಕೆಯಷ್ಟು ಮಂದಿ.

ನಮ್ಮ ಮನೆಗಳಲ್ಲೂ ಮಕ್ಕಳಿಗೆ ಹೇಳಿಕೊಡಬೇಕಾದ ಮಾತುಗಳು ಇಷ್ಟು. ತೀರದಲ್ಲಿದ್ದಾಗ ನೆಲ ಬಲವಾಗಿ ಅಥವಾ ಬಹಳ ಹೊತ್ತು ನಡುಗಿದರೆ, ನೀರು ಇದ್ದಕ್ಕಿದ್ದಂತೆ ಹಿಂದೆ ಸರಿದರೆ, ಕಡಲ ಕಡೆಯಿಂದ ಅಸಾಮಾನ್ಯ ಮೊರೆತ ಕೇಳಿದರೆ, ಯಾರ ಅಪ್ಪಣೆಗೂ ಕಾಯದೆ ಎತ್ತರದ ಜಾಗಕ್ಕೆ ಹೋಗಬೇಕು. ಬರಿದಾದ ತಳದಲ್ಲಿ ಮೀನು ಹೆಕ್ಕಲು, ಫೋಟೋ ತೆಗೆಯಲು ಇಳಿಯಬಾರದು. ಮೊದಲ ಅಲೆ ಸಣ್ಣದಿತ್ತೆಂದು ಹಿಂದಿರುಗಬಾರದು, ನಂತರದ್ದು ದೊಡ್ಡದಿರಬಹುದು. ಆಳ ಸಮುದ್ರದಲ್ಲಿರುವ ದೋಣಿಗಳು ಬಂದರಿಗೆ ಧಾವಿಸದೆ ಆಳದಲ್ಲೇ ಉಳಿಯಬೇಕು. ಅಧಿಕೃತವಾಗಿ ಅಪಾಯ ಕಳೆಯಿತೆಂದು ಹೇಳುವವರೆಗೆ ಮನೆಗೆ ಮರಳಬಾರದು.

ಇದರ ಜೊತೆಗೆ ಮೀನುಗಾರ ಬಂಧುಗಳಲ್ಲಿ ಒಂದು ವಿನಂತಿ. ಕಡಲಲ್ಲಿ ತೇಲುವ ಬೋಯಾಗಳಿಗೆ ದೋಣಿ ಕಟ್ಟುವುದು, ಅದರ ಸುತ್ತ ಬಲೆ ಬೀಸುವುದು, ಧಕ್ಕೆಯ ಗೇಜಿನ ಬ್ಯಾಟರಿ ಅಥವಾ ಸೌರ ಫಲಕವನ್ನು ಬಿಚ್ಚುವುದು ಇವು ನಡೆಯದಂತೆ ನೋಡಿಕೊಳ್ಳಿ. ಕಾರವಾರದಲ್ಲಾಗಲಿ ಬೇರೆ ಯಾವುದೇ ಬಂದರಿನಲ್ಲಾಗಲಿ ಕಂಬದ ತುದಿಯಲ್ಲಿ ಕೆಳಮುಖವಾಗಿ ಕುಳಿತ ಪೆಟ್ಟಿಗೆ ಕಂಡರೆ, ಅದು ಏನೆಂದು ಪಕ್ಕದವರಿಗೂ ತಿಳಿಸಿ. ತಂತಿ ಕಡಿದಿದ್ದರೆ, ಫಲಕ ಒಡೆದಿದ್ದರೆ ಬಂದರು ಕಚೇರಿಗೆ ಒಂದು ಮಾತು ಹೇಳಿ. ಘಟ್ಟದ ಮೇಲೆ ಕೆಲಸದಲ್ಲಿರುವ ನಮ್ಮ ಮಕ್ಕಳು, ವಿಶೇಷವಾಗಿ ಮೈಸೂರಿನಂತಹ ಊರುಗಳಲ್ಲಿ ಎಂಜಿನಿಯರಿಂಗ್ ಓದುತ್ತಿರುವವರು, ರಜೆಗೆ ಊರಿಗೆ ಬಂದಾಗ ಈ ವಿಷಯವನ್ನು ತಮ್ಮ ವಾರ್ಡಿನಲ್ಲಿ, ಸಂಘಗಳಲ್ಲಿ ವಿವರಿಸಿದರೆ ಅದೇ ದೊಡ್ಡ ಸೇವೆ. ಪ್ರತಿ ವರ್ಷ ನವೆಂಬರ್ 5ನ್ನು ವಿಶ್ವಸಂಸ್ಥೆ ಸುನಾಮಿ ಜಾಗೃತಿ ದಿನವೆಂದು ಆಚರಿಸುತ್ತದೆ. ಆ ದಿನ ನಮ್ಮ ಕಡಲ ತಡಿಯ ಶಾಲೆಗಳಲ್ಲಿ ಒಂದು ಗಂಟೆ ಇದಕ್ಕೆ ಮೀಸಲಿಟ್ಟು, ಮಕ್ಕಳನ್ನು ಶಾಲೆಯಿಂದ ಹತ್ತಿರದ ಎತ್ತರದ ಜಾಗಕ್ಕೆ ಒಮ್ಮೆ ನಡೆಸಿಕೊಂಡು ಹೋಗಿ ಎಷ್ಟು ನಿಮಿಷ ಬೇಕಾಯಿತೆಂದು ಬರೆದಿಡೋಣ.